ಶಾಂತ ಬಂದರು, ನಿಂತ ಹಾಯಿದೋಣಿಗಳು: ಫ್ರೀಡ್ರಿಕ್ ದಾರಿಯಲ್ಲಿ ಒಂದು ಎಣ್ಣೆಬಣ್ಣದ ಚಿತ್ರ ಬರೆಯುವ ಬಗೆ

ಸಂಜೆಯ ಬಂದರಿನ ಚಿತ್ರ ಬರೆಯಲು ಕೂತವರು ಮೊದಲು ಕೈ ಹಾಕುವುದು ಕಿತ್ತಳೆ ಟ್ಯೂಬಿಗೆ. ಆಕಾಶಕ್ಕೆ ಕಿತ್ತಳೆ, ನೀರಿಗೆ ಕಿತ್ತಳೆ, ಮಧ್ಯದಲ್ಲಿ ಕಪ್ಪಗೆ ಒಂದು ದೋಣಿ. ಚಿತ್ರವೇನೋ ಮುಗಿಯುತ್ತದೆ, ಕ್ಯಾಲೆಂಡರಿಗೂ ಹಾಕಬಹುದು. ಆದರೆ ನೀರು ನಿಂತಿದೆ ಅಂತ ಮಾತ್ರ ಅನ್ನಿಸುವುದಿಲ್ಲ. ದೋಣಿ ನೀರಿನ ಮೇಲೆ ಕೂತಿರುವುದಿಲ್ಲ, ಅಂಟಿಸಿದ ಹಾಗಿರುತ್ತದೆ.

ನನ್ನ ಪ್ರಕಾರ ಈ ಬಗೆಯ ಚಿತ್ರಕ್ಕೆ ಶಾಂತಿ ಬರುವುದು ಅಳತೆಯಿಂದ. ದಿಗಂತದ ಗೆರೆ ಕೂದಲೆಳೆಯಷ್ಟೂ ವಾಲಬಾರದು. ಹಾಯಿಕಂಬ ನೆಟ್ಟಗಿರಬೇಕು. ಪ್ರತಿಬಿಂಬ ಸರಿಯಾಗಿ ಅದರ ಕೆಳಗೇ ಬೀಳಬೇಕು. ಇಷ್ಟು ಸರಿಯಾದರೆ ಬಣ್ಣ ಅಷ್ಟಿಷ್ಟು ಹೆಚ್ಚುಕಡಿಮೆಯಾದರೂ ನಡೆಯುತ್ತದೆ.

ಇದನ್ನು ಕಲಿಯಲು ಜರ್ಮನಿಯ ರೊಮ್ಯಾಂಟಿಕ್ ಪಂಥದ ಚಿತ್ರಕಾರ ಕಾಸ್ಪರ್ ಡಾವಿಡ್ ಫ್ರೀಡ್ರಿಕ್‌ಗಿಂತ ಒಳ್ಳೆಯ ಮೇಷ್ಟ್ರು ಸಿಗುವುದು ಕಷ್ಟ. 1774ರಲ್ಲಿ ಬಾಲ್ಟಿಕ್ ಸಮುದ್ರದ ದಡದ ಗ್ರೈಫ್ಸ್‌ವಾಲ್ಡ್ ಎಂಬ ಬಂದರು ಊರಿನಲ್ಲಿ ಹುಟ್ಟಿದವರು. ಅಪ್ಪ ಸೋಪು, ಮೇಣದಬತ್ತಿ ಮಾಡುತ್ತಿದ್ದರು. ಕೋಪನ್‌ಹೇಗನ್‌ನಲ್ಲಿ ಕಲಿತು, 1798ರಿಂದ 1840ರಲ್ಲಿ ತೀರಿಕೊಳ್ಳುವವರೆಗೂ ಡ್ರೆಸ್ಡೆನ್‌ನಲ್ಲಿದ್ದರು. ಡ್ರೆಸ್ಡೆನ್‌ನಲ್ಲಿ ಸಮುದ್ರವಿಲ್ಲ, ನದಿಯಿದೆ ಅಷ್ಟೆ. ಊರಿಗೆ ಹೋದಾಗ ಪೆನ್ಸಿಲಿನಲ್ಲಿ ಬರೆದುಕೊಂಡು ಬಂದ ಹಡಗು, ಹಗ್ಗ, ಕಲ್ಲುಗಳನ್ನೇ ಇಟ್ಟುಕೊಂಡು ಕೋಣೆಯೊಳಗೆ ಕೂತು ಚಿತ್ರ ಮಾಡುತ್ತಿದ್ದರು. ಹಾಗಾಗಿ ಬೆಂಗಳೂರಿನಲ್ಲೋ ಕಲಬುರಗಿಯಲ್ಲೋ ಕೂತು ಬಂದರು ಬರೆಯುವುದಕ್ಕೆ ಸಂಕೋಚ ಬೇಡ.

ಫ್ರೀಡ್ರಿಕ್ ಕೆಲಸ ಮಾಡುತ್ತಿದ್ದ ಕೋಣೆಯನ್ನು ಅವರ ಗೆಳೆಯ ಕೆರ್ಸ್ಟಿಂಗ್ 1811ರಲ್ಲಿ ಚಿತ್ರಿಸಿದ್ದಾರೆ. ಕೋಣೆ ಹೆಚ್ಚುಕಡಿಮೆ ಖಾಲಿ. ಕಿಟಕಿಯ ಕೆಳಗಿನ ಅರ್ಧ ಮುಚ್ಚಿದೆ. ಗೋಡೆಗೆ ಏನು ನೇತುಹಾಕಿದ್ದಾರೆ ಗೊತ್ತಾ? ಪ್ಯಾಲೆಟ್ಟು, ಟಿ-ಸ್ಕ್ವೇರು, ತ್ರಿಕೋನದ ಮೂಲೆಮಟ್ಟ. ರೊಮ್ಯಾಂಟಿಕ್ ಕಲಾವಿದ ಅಂದರೆ ಭಾವನೆಯಲ್ಲಿ ಮುಳುಗಿ ಸುಮ್ನೆ ಬ್ರಶ್ ಆಡಿಸುವವನು ಅಂದುಕೊಂಡವರು ಆ ಗೋಡೆಯನ್ನೊಮ್ಮೆ ನೋಡಬೇಕು.

ಮೊದಲು ಒಂದು ಚಿತ್ರವನ್ನು ಸರಿಯಾಗಿ ನೋಡಿ

ನಾವು ಮುಂದಿಟ್ಟುಕೊಳ್ಳುವುದು ‘ಬದುಕಿನ ಹಂತಗಳು’ ಎಂದು ಹೆಸರಾದ ಚಿತ್ರ. ಸುಮಾರು 1834–35ರದ್ದು. ಅಗಲ 94 ಸೆಂ.ಮೀ., ಎತ್ತರ 73 ಸೆಂ.ಮೀ. ಅಷ್ಟೇ, ಅಂಥ ದೊಡ್ಡದೇನಲ್ಲ. ಲೈಪ್‌ಜಿಗ್‌ನ ಕಲಾ ಸಂಗ್ರಹಾಲಯದಲ್ಲಿದೆ. ಜರ್ಮನಿಯಲ್ಲಿ ಕೆಲಸದಲ್ಲಿರುವ ಕನ್ನಡಿಗರು ಬರ್ಲಿನ್‌ನಿಂದ ರೈಲು ಹತ್ತಿದರೆ ಒಂದು ರಜಾದಿನದಲ್ಲಿ ನೋಡಿ ಬರಬಹುದು. ಉಳಿದವರಿಗೆ ದೊಡ್ಡ ಗಾತ್ರದ ಫೋಟೋ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಚಿತ್ರಕ್ಕೆ ಈಗ ಹಕ್ಕುಸ್ವಾಮ್ಯವಿಲ್ಲ.

ದಡದಲ್ಲಿ ಐದು ಜನ: ಬೆನ್ನು ತೋರಿಸಿ ನಿಂತ ಮುದುಕ, ಎತ್ತರದ ಟೋಪಿ ಹಾಕಿದ ಗಂಡಸು, ಒಬ್ಬ ಹುಡುಗಿ, ಇಬ್ಬರು ಪುಟ್ಟ ಮಕ್ಕಳು. ನೀರಿನಲ್ಲಿ ಐದು ಹಡಗು, ಒಂದೊಂದೂ ಬೇರೆ ಬೇರೆ ದೂರದಲ್ಲಿ. ಬೆನ್ನು ತೋರಿಸಿದ ಮುದುಕ ಫ್ರೀಡ್ರಿಕ್ ಅವರೇ, ಮಕ್ಕಳು ಅವರ ಮಕ್ಕಳೇ ಎಂದು ಬಲ್ಲವರು ಹೇಳುತ್ತಾರೆ. ಮಕ್ಕಳ ಕೈಯಲ್ಲಿ ಸ್ವೀಡನ್ನಿನ ಬಾವುಟವಿದೆ. ಗ್ರೈಫ್ಸ್‌ವಾಲ್ಡ್ 1815ರವರೆಗೆ ಸ್ವೀಡನ್ ಆಳ್ವಿಕೆಯಲ್ಲಿತ್ತು, ಆಮೇಲೆ ಪ್ರಷ್ಯಾಕ್ಕೆ ಸೇರಿತು. ಚಿತ್ರ ಬರೆಯುವ ಹೊತ್ತಿಗೆ ಅದಾಗಿ ಇಪ್ಪತ್ತು ವರ್ಷ ಆಗಿತ್ತು.

ನೋಡುವಾಗ ಮೂರು ವಿಷಯ ಗಮನಿಸಿ. ಬೆಳಕು ಎಲ್ಲಕ್ಕಿಂತ ಜಾಸ್ತಿ ಎಲ್ಲಿದೆ? ಕಪ್ಪು ಎಲ್ಲೆಲ್ಲಿದೆ? ಎಲ್ಲಿ ಏನೂ ಇಲ್ಲ? ಮೂರನೆಯದೇ ಮುಖ್ಯ. ಫ್ರೀಡ್ರಿಕ್ ಅವರ ‘ಸಮುದ್ರದ ದಡದ ಸನ್ಯಾಸಿ’ ಚಿತ್ರವನ್ನು ಇನ್‌ಫ್ರಾರೆಡ್‌ನಲ್ಲಿ ಪರೀಕ್ಷಿಸಿದಾಗ, ಮೊದಲು ಅಲ್ಲಿ ಹಾಯಿಹಡಗುಗಳನ್ನು ಬರೆದುಕೊಂಡಿದ್ದರು, ಆಮೇಲೆ ಬಿಟ್ಟುಬಿಟ್ಟರು ಅನ್ನುವುದು ಕಂಡುಬಂತು. ಈಗ ಆ ಚಿತ್ರದಲ್ಲಿ ಒಂದೇ ಒಂದು ಹಡಗಿಲ್ಲ. ನಿಮ್ಮ ಚಿತ್ರದಲ್ಲೂ ಒಂದು ದೋಣಿ ಇರಲೋ ಬೇಡವೋ ಅಂತ ಅನುಮಾನ ಬಂದರೆ, ಬೇಡ.

ಸಾಮಾನು

ಕ್ಯಾನ್ವಾಸ್ 24×18 ಇಂಚು. ಮೂಲ ಚಿತ್ರದ ಅಗಲ-ಎತ್ತರದ ಲೆಕ್ಕಕ್ಕೆ ಇದು ಹತ್ತಿರ, ಅಂಗಡಿಯಲ್ಲಿ ರೆಡಿ ಸಿಗುವ ಅಳತೆ ಕೂಡ. ಸಣ್ಣ ನೇಯ್ಗೆಯದ್ದನ್ನೇ ಕೇಳಿ. ದಪ್ಪ ನೇಯ್ಗೆಯಲ್ಲಿ ಹಾಯಿಹಗ್ಗದ ಗೆರೆ ತುಂಡುತುಂಡಾಗುತ್ತದೆ. ಸಿಕ್ಕಿದ್ದು ಒರಟಾಗಿದ್ದರೆ ಜೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ತಳಪದರ) ಎರಡು ಕೋಟ್ ಹೊಡೆದು, ಒಣಗಿದ ಮೇಲೆ ನಯವಾದ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜಿ.

ಬಣ್ಣ ಎಂಟು ಸಾಕು: ಟೈಟಾನಿಯಂ ವೈಟ್, ನೇಪಲ್ಸ್ ಯೆಲ್ಲೋ, ಯೆಲ್ಲೋ ಓಕರ್, ಬರ್ಂಟ್ ಸಿಯೆನಾ, ಬರ್ಂಟ್ ಅಂಬರ್, ಅಲಿಝರಿನ್ ಕ್ರಿಮ್ಸನ್, ಅಲ್ಟ್ರಾಮರೀನ್, ಪ್ರಷಿಯನ್ ಬ್ಲೂ. ಕಪ್ಪು ಬೇಡ. ಅಲ್ಟ್ರಾಮರೀನ್‌ಗೆ ಬರ್ಂಟ್ ಅಂಬರ್ ಬೆರೆಸಿದರೆ ಸಿಗುವ ಕಪ್ಪು ಟ್ಯೂಬಿನ ಕಪ್ಪಿಗಿಂತ ಚೆನ್ನಾಗಿರುತ್ತದೆ. ಪ್ರಷಿಯನ್ ಬ್ಲೂ ಬಗ್ಗೆ ಮಾತ್ರ ಎಚ್ಚರ, ಸೂಜಿಮೊನೆಯಷ್ಟು ಜಾಸ್ತಿಯಾದರೂ ಇಡೀ ಮಿಶ್ರಣ ನೀಲಿಯಾಗುತ್ತದೆ.

ಅಗಸೆ ಎಣ್ಣೆ, ಟರ್ಪೆಂಟೈನ್, ಎರಡು ಅಗಲದ ಚಪ್ಪಟೆ ಬ್ರಶ್, ಒಂದು ಮೆತ್ತನೆಯ ಒಣ ಬ್ರಶ್, ಎರಡು ಮೂರು ಸಣ್ಣವು, ಉದ್ದ ಕೂದಲಿನ ಒಂದು ಸಪೂರ ಬ್ರಶ್. ಅಡುಗೆಯ ಅಗಸೆ ಎಣ್ಣೆ ಬೇಡ, ಕಲಾ ಸಾಮಗ್ರಿ ಅಂಗಡಿಯಲ್ಲಿ ಸಿಗುವ ಶುದ್ಧ ಮಾಡಿದ್ದು ಬೇಕು. ಇವುಗಳ ಜೊತೆಗೆ ಉದ್ದನೆಯ ಸ್ಕೇಲು, ಮೂಲೆಮಟ್ಟ, ದಾರಕ್ಕೆ ಕಟ್ಟಿದ ಒಂದು ನಟ್ಟು. ಗಾರೆಯವರ ತೂಗುಗುಂಡಿನ ಕೆಲಸವನ್ನು ಆ ನಟ್ಟೇ ಮಾಡುತ್ತದೆ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಬಿಸಿ ಕೂಡಿಕೊಂಡು ತಾನಾಗಿಯೇ ಬೆಂಕಿ ಹತ್ತಬಹುದು. ನೀರಿನಲ್ಲಿ ನೆನೆಸಿ ಹೊರಗಿನ ಡಬ್ಬಕ್ಕೆ ಹಾಕಿ. ಕೆಲಸ ಮಾಡುವಾಗ ಕಿಟಕಿ ತೆಗೆದಿರಲಿ.

ಹಂತ 1: ಒಂದೇ ಕಂದು ಬಣ್ಣದಲ್ಲಿ ಸಣ್ಣ ಚಿತ್ರ

ಫ್ರೀಡ್ರಿಕ್ ಹೆಸರು ಮಾಡಿದ್ದು ಎಣ್ಣೆಬಣ್ಣದಿಂದಲ್ಲ, ಸೆಪಿಯಾ ಎಂಬ ಕಂದು ಮಸಿಯ ಚಿತ್ರಗಳಿಂದ. 1805ರಲ್ಲಿ ವೈಮಾರ್‌ನಲ್ಲಿ ಕವಿ ಗಯಟೆ ನಡೆಸುತ್ತಿದ್ದ ಸ್ಪರ್ಧೆಯಲ್ಲಿ ಅವರಿಗೆ ಬಹುಮಾನ ಬಂದಿದ್ದು ಎರಡು ಸೆಪಿಯಾ ಚಿತ್ರಗಳಿಗೆ. ಅಷ್ಟು ಹೊತ್ತಿಗೆ ಬೆಳಕು-ನೆರಳಿನ ಕೆಲಸ ಅವರ ಕೈಗೆ ಹತ್ತಿತ್ತು. ಎಣ್ಣೆಬಣ್ಣಕ್ಕೆ ಗಟ್ಟಿಯಾಗಿ ಇಳಿದಿದ್ದು ಆಮೇಲೆ.

ನೀವೂ ಅಂಗೈ ಅಗಲದ ಕಾಗದದಲ್ಲಿ ಬರ್ಂಟ್ ಅಂಬರ್ ಒಂದರಲ್ಲೇ ಇಡೀ ಚಿತ್ರ ಮಾಡಿ. ಜಲವರ್ಣವಾದರೂ ನಡೆಯುತ್ತದೆ. 1 ಅಂದರೆ ಕಪ್ಪು, 10 ಅಂದರೆ ಬಿಳಿ ಎಂದಿಟ್ಟುಕೊಳ್ಳಿ. ದಿಗಂತದ ಮೇಲಿನ ಆಕಾಶ 9, ಆಕಾಶದ ತುದಿ 6. ದಿಗಂತದ ಹತ್ತಿರದ ನೀರು 8, ನಮ್ಮ ಕಾಲ ಬಳಿಯ ನೀರು 5. ದೂರದ ದೋಣಿ 7, ನಡುವಿನದು 5, ಹತ್ತಿರದ್ದು 3. ದಡ 2.

ಹಾಯಿ ಎಷ್ಟು? ಇಲ್ಲಿ ತುಂಬಾ ಜನ ಬಿಳಿ ಹಾಕುತ್ತಾರೆ. ಬಟ್ಟೆ ಬಿಳಿ, ನಿಜ. ಆದರೆ ಬೆಳಕು ಅದರ ಹಿಂದಿದೆ. ಹೊಳೆಯುವ ಆಕಾಶದ ಮುಂದೆ ನಿಂತ ಬಿಳಿ ಬಟ್ಟೆ ಆಕಾಶಕ್ಕಿಂತ ಕಪ್ಪಗೇ ಕಾಣುತ್ತದೆ. ಹತ್ತಿರದ ದೋಣಿಯ ಹಾಯಿಗೆ 5 ಅಥವಾ 6 ಕೊಡಿ. ಅನುಮಾನವಿದ್ದರೆ ಸಂಜೆ ತಾರಸಿಯಲ್ಲಿ ಒಣಗಲು ಹಾಕಿದ ಬಿಳಿ ಪಂಚೆಯನ್ನು ಸೂರ್ಯ ಮುಳುಗುವ ಕಡೆಗೆ ಮುಖ ಮಾಡಿ ನೋಡಿ.

ಹಂತ 2: ಅಳತೆ ಹಾಕುವುದು

ಇಲ್ಲಿ ಅವಸರ ಬೇಡ. ಚಿತ್ರ ನಿಲ್ಲುವುದೂ ಬೀಳುವುದೂ ಇಲ್ಲೇ.

ಕ್ಯಾನ್ವಾಸಿನ ಕೆಳ ಅಂಚಿನಿಂದ ಎರಡೂ ಬದಿ 6 ಇಂಚು ಅಳೆದು ಗುರುತು ಹಾಕಿ, ಸ್ಕೇಲಿಟ್ಟು ದಿಗಂತದ ಗೆರೆ ಎಳೆಯಿರಿ. ಬರಿಗೈಯಲ್ಲಿ ಎಳೆಯಬೇಡಿ. ಮೇಲೆ 12 ಇಂಚು ಆಕಾಶ ಉಳಿಯಿತು. ಕೆಳಗಿನ 2 ಇಂಚು ದಡ. ಎಡಗಡೆ ಆ ದಡ ನೀರಿನೊಳಗೆ ಚಾಚಿಕೊಂಡು ಮೂರೂವರೆ ಇಂಚಿನವರೆಗೆ ಏರಲಿ. ಜನ ನಿಲ್ಲುವುದು ಅಲ್ಲಿ.

ಈಗ ದೋಣಿಗಳ ಗಾತ್ರ. ದಿಗಂತ ಅಂದರೆ ನೋಡುವವನ ಕಣ್ಣಿನ ಮಟ್ಟ. ದಡ ನೀರಿಗಿಂತ 40 ಸೆಂ.ಮೀ. ಮೇಲಿದೆ, ಅದರ ಮೇಲೆ ನಿಂತವನ ಕಣ್ಣು 1.6 ಮೀಟರ್ ಎತ್ತರದಲ್ಲಿದೆ ಅಂದುಕೊಳ್ಳೋಣ. ನೀರಿನಿಂದ ಕಣ್ಣಿಗೆ ಒಟ್ಟು 2 ಮೀಟರ್. ಅಂದಮೇಲೆ ದೋಣಿ ಎಷ್ಟೇ ದೂರವಿರಲಿ, ಅದರ ಮೇಲೆ ನೀರಿನಿಂದ 2 ಮೀಟರ್ ಎತ್ತರದ ಜಾಗವನ್ನೇ ದಿಗಂತದ ಗೆರೆ ಹಾದುಹೋಗುತ್ತದೆ. ಹಾಯಿಕಂಬದ ತುದಿ ನೀರಿನಿಂದ 10 ಮೀಟರ್ ಮೇಲಿದ್ದರೆ, ಗೆರೆ ಕಂಬವನ್ನು ಕತ್ತರಿಸುವುದು ಕೆಳಗಿನಿಂದ ಐದನೇ ಒಂದು ಪಾಲಿನಲ್ಲಿ. ಎಲ್ಲ ದೋಣಿಗೂ ಇದೇ ಲೆಕ್ಕ.

ಹತ್ತಿರದ ದೋಣಿ ನೀರನ್ನು ಮುಟ್ಟುವ ಜಾಗ ದಿಗಂತದಿಂದ 2 ಇಂಚು ಕೆಳಗಿರಲಿ. ಆಗ ಕಂಬ ಒಟ್ಟು 10 ಇಂಚು, ಅದರಲ್ಲಿ 8 ಇಂಚು ದಿಗಂತದ ಮೇಲೆ. ಎರಡನೆಯದು 1 ಇಂಚು ಕೆಳಗೆ: ಕಂಬ 5 ಇಂಚು. ಮೂರನೆಯದು ಅರ್ಧ ಇಂಚಿಗೂ ಸ್ವಲ್ಪ ಕಡಿಮೆ, 0.4 ಇಂಚು ಕೆಳಗೆ: ಕಂಬ 2 ಇಂಚು. ನಾಲ್ಕನೆಯದು ಬೇಕೆಂದರೆ 0.2 ಇಂಚು, ಕಂಬ 1 ಇಂಚು. ಈ ಲೆಕ್ಕ ಬಿಟ್ಟು ಅಂದಾಜಿಗೆ ಬರೆದರೆ ಒಂದು ದೋಣಿ ಆಟಿಕೆಯಾಗುತ್ತದೆ, ಇನ್ನೊಂದು ಗುಡ್ಡದ ಮೇಲೆ ನಿಂತಂತಾಗುತ್ತದೆ. ನೋಡುವವರಿಗೆ ತಪ್ಪು ಏನು ಅಂತ ಹೇಳಲು ಬರುವುದಿಲ್ಲ, ಆದರೆ ಏನೋ ಸರಿ ಇಲ್ಲ ಅನ್ನಿಸುತ್ತದೆ.

ಜನರಿಗೂ ಇದೇ ನಿಯಮ. ಅದೇ ದಡದ ಮೇಲೆ ನಿಂತ ದೊಡ್ಡವರೆಲ್ಲರ ಕಣ್ಣು ದಿಗಂತದ ಗೆರೆಯ ಮೇಲೇ ಬರಬೇಕು. ಹತ್ತಿರದವರ ಕಾಲು ಕೆಳಗೆ ಇಳಿಯುತ್ತದೆ, ತಲೆ ಮಾತ್ರ ಅದೇ ಮಟ್ಟದಲ್ಲಿ. ಮಕ್ಕಳ ತಲೆ ದಿಗಂತಕ್ಕಿಂತ ಕೆಳಗೆ.

ದೋಣಿಯ ಒಡಲಿಗೆ ಹಳೆಯ ಉಪಾಯವೊಂದಿದೆ. ಅಡ್ಡ ಮಲಗಿಸಿದ ಉದ್ದನೆಯ 8 ಬರೆಯಿರಿ, ನಮ್ಮ ಕಡೆಗಿರುವ ಸುತ್ತು ಸ್ವಲ್ಪ ದೊಡ್ಡದಿರಲಿ. ಆ ಬಳುಕಿನಲ್ಲೇ ದೋಣಿಯ ಅಂಚು ಸಿಗುತ್ತದೆ. ಎರಡು ತುದಿಯಿಂದ ಕೆಳಕ್ಕೆ ಗೆರೆ ಇಳಿಸಿ ನೀರಿಗೆ ಮುಟ್ಟಿಸಿ. ನಮ್ಮ ಕಣ್ಣು ದೋಣಿಯ ಅಂಚಿಗಿಂತ ಬರೀ ಒಂದು ಮೀಟರ್ ಮೇಲಿರುವುದರಿಂದ 8 ತುಂಬ ಚಪ್ಪಟೆಯಾಗಿರಬೇಕು. ದಪ್ಪ 8 ಬರೆದರೆ ಮಹಡಿಯಿಂದ ನೋಡಿದ ದೋಣಿಯಾಗುತ್ತದೆ.

ಕೊನೆಗೆ ಈಸೆಲ್ ಮೇಲೆ ನಟ್ಟಿನ ದಾರ ಬಿಟ್ಟು ಪ್ರತಿ ಕಂಬವನ್ನೂ ತಾಳೆ ನೋಡಿ. ಗೆರೆಗಳನ್ನು ತೆಳು ಮಾಡಿದ ಅಂಬರ್‌ನಲ್ಲಿ ಗಟ್ಟಿ ಮಾಡಿ ಒಣಗಲು ಬಿಡಿ.

ಹಂತ 3: ತಳದ ಬಣ್ಣ

ಯೆಲ್ಲೋ ಓಕರ್‌ಗೆ ಚೂರು ಬರ್ಂಟ್ ಸಿಯೆನಾ, ಜಾಸ್ತಿ ಟರ್ಪೆಂಟೈನ್. ನೀರುಮಜ್ಜಿಗೆಯಷ್ಟು ತೆಳ್ಳಗೆ ಮಾಡಿ ಇಡೀ ಕ್ಯಾನ್ವಾಸಿಗೆ ಹಚ್ಚಿ, ಬಟ್ಟೆಯಲ್ಲಿ ಒರೆಸಿಬಿಡಿ. ಕೆಳಗಿನ ಗೆರೆ ಕಾಣುತ್ತಿರಬೇಕು. ಒಂದೆರಡು ದಿನ ಒಣಗಲಿ.

ಮುಂದಿನ ಪದರಗಳಿಗೆಲ್ಲ ಒಂದೇ ಕಟ್ಟಳೆ: ಕೆಳಗಿನದರಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಜಾಸ್ತಿ. ಉಲ್ಟಾ ಮಾಡಿದರೆ ಮೇಲಿನದು ಮೊದಲು ಒಣಗಿ, ಕೆಳಗಿನದು ಇನ್ನೂ ಅಲುಗಾಡುತ್ತಾ ಬಿರುಕು ಬಿಡುತ್ತದೆ.

ಹಂತ 4: ಆಕಾಶ

ಇದನ್ನು ಒಂದೇ ಕೂರಿಕೆಯಲ್ಲಿ ಮುಗಿಸಬೇಕು. ಫೋನ್ ಸೈಲೆಂಟ್‌ಗೆ ಹಾಕಿ.

ಬ್ರಶ್ ಮುಟ್ಟುವ ಮೊದಲೇ ಐದು ಗುಡ್ಡೆ ಬಣ್ಣ ಕಲಸಿಟ್ಟುಕೊಳ್ಳಿ. ಮೊದಲನೆಯದು ಬಿಳಿ, ನೇಪಲ್ಸ್ ಯೆಲ್ಲೋ. ಎರಡನೆಯದು ಬಿಳಿ, ಓಕರ್, ಒಂದು ಚಿಟಿಕೆ ಅಲಿಝರಿನ್. ಮೂರನೆಯದು ಬಿಳಿ, ಅಲಿಝರಿನ್, ಸ್ವಲ್ಪ ಅಲ್ಟ್ರಾಮರೀನ್, ಬೂದು ಮಿಶ್ರಿತ ನೇರಳೆ ಬರಬೇಕು. ನಾಲ್ಕನೆಯದು ಬಿಳಿ, ಅಲ್ಟ್ರಾಮರೀನ್, ನೀಲಿಯನ್ನು ಮಂಕಾಗಿಸಲು ಚೂರು ಬರ್ಂಟ್ ಸಿಯೆನಾ. ಐದನೆಯದು ಅದೇ, ಬಿಳಿ ಕಡಿಮೆ.

ನಡುವಿನ ನೇರಳೆ ಬೂದು ಯಾಕೆ ಬೇಕು ಅಂದರೆ, ಹಳದಿಯನ್ನು ಸೀದಾ ನೀಲಿಗೆ ತಂದು ತೀಡಿದರೆ ಆಕಾಶ ಹಸಿರಾಗುತ್ತದೆ. ಮಧ್ಯದಲ್ಲಿ ಕೆಂಪಿನ ಅಂಶ ಇದ್ದರೆ ಆ ಹಸಿರು ಹುಟ್ಟುವುದಿಲ್ಲ.

ದಿಗಂತದಿಂದ ಶುರು ಮಾಡಿ ಮೇಲಕ್ಕೆ ಅಡ್ಡಪಟ್ಟಿಗಳಾಗಿ ಹಚ್ಚುತ್ತಾ ಹೋಗಿ. ದೋಣಿಗಳ ಕಂಬ, ಹಾಯಿಯ ಮೇಲೂ ಹಚ್ಚಿ, ಗುರುತಿಗೆ ಗೆರೆ ತೆಳುವಾಗಿ ಕಂಡರೆ ಸಾಕು. ಆಮೇಲೆ ಒಣ ಮೆತ್ತನೆಯ ಬ್ರಶ್‌ನಲ್ಲಿ ಪಟ್ಟಿಗಳು ಸೇರುವ ಜಾಗವನ್ನು ಓರೆಕೋರೆಯಾಗಿ ತೀಡಿ, ಕೊನೆಗೆ ಅಡ್ಡಕ್ಕೆ ಒಮ್ಮೆ ಹಗುರವಾಗಿ ಸವರಿ. ಬೆಳಕಿನ ಕಡೆಯಿಂದ ಕಪ್ಪಿನ ಕಡೆಗೇ ಹೋಗಿ, ಪ್ರತಿ ಸಲ ಬ್ರಶ್ ಒರೆಸಿಕೊಳ್ಳಿ.

ಸೂರ್ಯನನ್ನು ಬರೆಯಬೇಡಿ. ಈಗಷ್ಟೇ ಮುಳುಗಿದ್ದಾನೆ ಅಂದುಕೊಳ್ಳಿ. ಇಲ್ಲಿ ನಮ್ಮ ಕಣ್ಣಿಗೆ ಒಂದು ತೊಡಕಿದೆ. ಮಲ್ಪೆಯಲ್ಲೋ ಕಾರವಾರದಲ್ಲೋ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತಾನೆ, ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಕತ್ತಲೆ ಕವಿಯುತ್ತದೆ. ಗ್ರೈಫ್ಸ್‌ವಾಲ್ಡ್ ಇರುವುದು 54 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ಓರೆಯಾಗಿ ಜಾರುತ್ತಾನೆ, ಬೇಸಿಗೆಯ ಸಂಜೆಬೆಳಕು ನಮ್ಮದರ ಎರಡರಷ್ಟು ಹೊತ್ತು ಇರುತ್ತದೆ. ಆ ನಿಧಾನವೇ ಫ್ರೀಡ್ರಿಕ್ ಆಕಾಶದಲ್ಲಿ ಕಾಣುವುದು. ಹಾಗಾಗಿ ನಮ್ಮ ಕಡಲತೀರದ ಕೆಂಡದಂಥ ಕೆಂಪನ್ನು ಇಲ್ಲಿಗೆ ತರಬೇಡಿ. ಮಾಸಿದ ಹಳದಿ, ಮಾಸಿದ ನೇರಳೆ ಸಾಕು.

ಮೋಡ ಬೇಕಿದ್ದರೆ ದಿಗಂತದ ಹತ್ತಿರ ಸಪೂರ ಗೆರೆಗಳು, ಮೇಲೆ ಹೋದಂತೆ ಅಗಲ. ಬೆಳಕು ಕೆಳಗಿನಿಂದ ಬರುತ್ತಿರುವುದರಿಂದ ಮೋಡದ ಹೊಟ್ಟೆ ಹಳದಿ, ಬೆನ್ನು ಬೂದು. ಹಗಲಿನ ಮೋಡಕ್ಕೆ ಪೂರಾ ಉಲ್ಟಾ.

ಹಂತ 5: ನೀರು

ಆಕಾಶ ಮುಟ್ಟಿದರೆ ಅಂಟದಷ್ಟು ಒಣಗಲಿ. ಸಾಮಾನ್ಯವಾಗಿ ಒಂದು ವಾರ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಮಲೆನಾಡು, ಕರಾವಳಿಯವರು ಕ್ಯಾನ್ವಾಸನ್ನು ಗೋಡೆಗೆ ಒರಗಿಸಿಡಬೇಡಿ, ಹಿಂದೆ ಬೂಸ್ಟು ಹಿಡಿಯುತ್ತದೆ.

ನಿಂತ ನೀರು ಕನ್ನಡಿ ನಿಜ, ಆದರೆ ಮೂರು ಕಟ್ಟಳೆಗಳಿರುವ ಕನ್ನಡಿ.

ಒಂದು: ನೀರು ಆಕಾಶವನ್ನು ದಿಗಂತದ ಗೆರೆಯಲ್ಲಿ ಮಡಿಸಿದ ಹಾಗೆ ತೋರಿಸುತ್ತದೆ. ದಿಗಂತದಿಂದ 3 ಇಂಚು ಕೆಳಗಿನ ನೀರಿನಲ್ಲಿ ಕಾಣುವುದು 3 ಇಂಚು ಮೇಲಿನ ಆಕಾಶ. ದಿಗಂತದ ಕೆಳಗಿನ 6 ಇಂಚಿನಲ್ಲಿ 2 ಇಂಚು ದಡ, ನಮಗಿರುವುದು 4 ಇಂಚು ನೀರು, 12 ಇಂಚು ಆಕಾಶ. ಅಂದರೆ ಆಕಾಶದ ಮೇಲಿನ ಮೂರನೇ ಎರಡು ಪಾಲು ಈ ನೀರಿಗೆ ಬರುವುದೇ ಇಲ್ಲ! ಕ್ಯಾನ್ವಾಸಿನ ತುದಿಯ ಕಡುನೀಲಿಯನ್ನು ತಂದು ಕೆಳಗಿನ ನೀರಿಗೆ ಹಚ್ಚುವುದು ಎಲ್ಲರೂ ಮಾಡುವ ಕೆಲಸ, ಅದು ಸುಳ್ಳು.

ಹಾಗಾದರೆ ಕಾಲ ಬಳಿಯ ನೀರು ಕಪ್ಪಗೆ ಯಾಕೆ? ಅದು ಎರಡನೆಯ ಕಟ್ಟಳೆ. ದೂರದ ನೀರನ್ನು ನಾವು ತೀರಾ ಓರೆಯಾಗಿ ನೋಡುತ್ತೇವೆ, ಅದು ಬಂದ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿ ವಾಪಸ್ ಕಳಿಸುತ್ತದೆ. ನೇರ ಕೆಳಗೆ ನೋಡಿದರೆ ನೂರಕ್ಕೆ ಎರಡು ಪಾಲಷ್ಟೇ ವಾಪಸ್, ಉಳಿದದ್ದು ಒಳಗೆ ಹೋಗುತ್ತದೆ. ಹಾಗಾಗಿ ನಮ್ಮ ಹತ್ತಿರ ಬಂದಂತೆ ನೀರಿನ ಸ್ವಂತ ಬಣ್ಣ ಎದ್ದು ಬರುತ್ತದೆ. ಆಕಾಶದ ಬಣ್ಣಕ್ಕೇ ಪ್ರಷಿಯನ್ ಬ್ಲೂ, ಅಂಬರ್ ತುಸು ತುಸು ಸೇರಿಸುತ್ತಾ ಕೆಳಗಿಳಿಯಿರಿ.

ಮೂರು: ಪ್ರತಿಬಿಂಬದ ಉದ್ದ. ನೆಟ್ಟಗಿರುವ ಕಂಬದ ಪ್ರತಿಬಿಂಬ, ದೋಣಿ ನೀರು ಮುಟ್ಟುವ ಜಾಗದಿಂದ ಕೆಳಕ್ಕೆ ಕಂಬದಷ್ಟೇ ಉದ್ದ. ದಿಗಂತದಿಂದ ಅಳೆಯಬಾರದು, ನೀರಿನ ಗೆರೆಯಿಂದ ಅಳೆಯಬೇಕು. ನಮ್ಮ ಹತ್ತಿರದ ದೋಣಿಯ ಕಂಬ 10 ಇಂಚು. ಅದರ ಕೆಳಗೆ ಕ್ಯಾನ್ವಾಸಿನಲ್ಲಿ ಉಳಿದಿರುವುದು 4 ಇಂಚು, ಅದರಲ್ಲಿ 2 ಇಂಚು ದಡ. ಕಾಣುವುದು ಒಡಲು, ಕಂಬದ ಬುಡ ಅಷ್ಟೆ. ಎರಡನೆಯ ದೋಣಿಯ ಕಂಬದ ತುದಿಯೂ ದಡದ ಹಿಂದೆ ಹೋಗುತ್ತದೆ. ತುದಿಯವರೆಗೂ ಪ್ರತಿಬಿಂಬ ಕಾಣುವುದು ಮೂರನೆಯದಕ್ಕೆ ಮತ್ತು ಅದರಾಚೆಯದಕ್ಕೆ ಮಾತ್ರ. ಚಿತ್ರದಲ್ಲಿ ಹಿಡಿಸಲಿ ಅಂತ ಹತ್ತಿರದ ಕಂಬದ ಪ್ರತಿಬಿಂಬವನ್ನು ಕುಗ್ಗಿಸಿ ತುದಿ ತೋರಿಸಿದವರ ಚಿತ್ರದಲ್ಲಿ ನೀರು ಓರೆಯಾದ ಹಲಗೆಯಾಗಿಬಿಡುತ್ತದೆ. ಕಂಬ ನಮ್ಮ ಕಡೆಗೆ ವಾಲಿದ್ದರೆ ಪ್ರತಿಬಿಂಬ ಕಂಬಕ್ಕಿಂತ ಉದ್ದ, ಆಚೆ ವಾಲಿದ್ದರೆ ಗಿಡ್ಡ.

ಪ್ರತಿಬಿಂಬದ ಬಣ್ಣಕ್ಕೆ ಒಂದು ಸುಲಭ ಸೂತ್ರ: ಕಪ್ಪು ವಸ್ತುವಿನ ಪ್ರತಿಬಿಂಬ ಸ್ವಲ್ಪ ತಿಳಿ, ಬೆಳಕಿನ ವಸ್ತುವಿನದು ಸ್ವಲ್ಪ ಮಂಕು. ಎರಡೂ ಒಂದರ ಕಡೆಗೊಂದು ಸರಿಯುತ್ತವೆ.

ಕೈಕೆಲಸ ಹೀಗೆ. ನೀರಿನ ಬಣ್ಣ ಹಸಿಯಿರುವಾಗಲೇ ದೋಣಿಯ ಪ್ರತಿಬಿಂಬದ ಬಣ್ಣವನ್ನು ಹಚ್ಚಿ, ಮೆತ್ತನೆಯ ಬ್ರಶ್‌ನಲ್ಲಿ ನೇರ ಕೆಳಕ್ಕೆ ಎಳೆಯಿರಿ. ಬ್ರಶ್ ಒರೆಸಿ, ಅಡ್ಡಕ್ಕೆ ಗಾಳಿಯಷ್ಟು ಹಗುರವಾಗಿ ಎರಡು ಸಲ ಸವರಿ. ಇಷ್ಟಕ್ಕೇ ನಿಲ್ಲಿಸಿ. ಇಲ್ಲಿ ಅಲೆಯ ಗೆರೆ ಬರೆಯಲು ಕೈ ತುರಿಸುತ್ತದೆ, ಅಲ್ವಾ? ಬೇಡ. ಒಂದೆರಡು ಕಡೆ ಸಣ್ಣ ಗಾಳಿ ಮುಟ್ಟಿದ ಪಟ್ಟಿ ಮಾತ್ರ ಇರಲಿ. ಅಲ್ಲಿ ನೀರು ಮೇಲಿನ ಆಕಾಶವನ್ನು ಹಿಡಿಯುವುದರಿಂದ ಹಳದಿಯ ಮಧ್ಯೆ ನೀಲಿಬೂದು ಗೆರೆಯಾಗಿ ಕಾಣುತ್ತದೆ. ಅದು ಪೂರ್ತಿ ಅಡ್ಡಕ್ಕಿರಬೇಕು, ದೂರ ಹೋದಂತೆ ಸಪೂರವಾಗಬೇಕು.

ಹಂತ 6: ದೋಣಿಗಳು

ದೂರದವನ್ನು ಮೊದಲು ಬರೆಯಿರಿ. ಮೂರನೆಯ ದೋಣಿಗೆ ಆಕಾಶದ ನೇರಳೆ ಬೂದನ್ನೇ ಸ್ವಲ್ಪ ಗಟ್ಟಿ ಮಾಡಿದರೆ ಸಾಕು, ಕಂದು ಬೇಡ. ಎರಡನೆಯದಕ್ಕೆ ಆ ಬೂದಿಗೆ ಅಂಬರ್ ಸೇರಿಸಿ. ಹತ್ತಿರದ್ದಕ್ಕೆ ಅಂಬರ್, ಅಲ್ಟ್ರಾಮರೀನ್. ಅಲ್ಲೂ ಬೆಳಕು ಹಾದುಬರುವ ಹಾಯಿಗೆ ಓಕರ್, ಸಿಯೆನಾ ತೆಳುವಾಗಿ.

ನೀರು ಕನ್ನಡಿಯಾಗಿದ್ದರೆ ಗಾಳಿ ಇಲ್ಲ. ಗಾಳಿ ಇಲ್ಲದಿದ್ದರೆ ಹಾಯಿ ಉಬ್ಬುವುದಿಲ್ಲ. ಜೋತುಬಿದ್ದಿರಬೇಕು, ಇಲ್ಲವೇ ಸುತ್ತಿ ಕಟ್ಟಿರಬೇಕು. ಬಾವುಟವೂ ಕಂಬಕ್ಕೆ ಅಂಟಿಕೊಂಡು ಇಳಿಬಿದ್ದಿರಬೇಕು. ಲಂಗರು ಹಾಕಿದ ದೋಣಿಗಳಿದ್ದರೆ ಅವೆಲ್ಲ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮೂತಿ ಮಾಡಿರುತ್ತವೆ.

ಹಗ್ಗಗಳಿಗೆ ಉದ್ದ ಕೂದಲಿನ ಸಪೂರ ಬ್ರಶ್. ಬಣ್ಣ ಮಸಿಯಷ್ಟು ತೆಳುವಿರಲಿ. ಕ್ಯಾನ್ವಾಸಿನ ಎರಡು ಬದಿ ಮುಟ್ಟುವಂತೆ ಒಂದು ಕೋಲು ಅಡ್ಡ ಹಿಡಿದು, ಅದರ ಮೇಲೆ ಮಣಿಕಟ್ಟು ಊರಿ ಎಳೆಯಿರಿ. ಕೆರ್ಸ್ಟಿಂಗ್ ಚಿತ್ರದಲ್ಲಿ ಫ್ರೀಡ್ರಿಕ್ ಕೈಯಲ್ಲೂ ಅಂಥದೇ ಕೋಲಿದೆ. ಇರುವ ಹಗ್ಗವನ್ನೆಲ್ಲ ಬರೆಯಬೇಡಿ. ಆಕಾಶ ಹೊಳೆಯುವ ಕಡೆ ಗೆರೆ ಕರಗಿಹೋಗಲಿ.

ಹಂತ 7: ದಡ, ಜನ

ದಡಕ್ಕೆ ಅಂಬರ್, ಸಿಯೆನಾ, ಸ್ವಲ್ಪ ನೀಲಿ. ಕಲ್ಲು, ಗೂಟ, ಬಲೆ ಏನಾದರೂ ಎರಡು ಮೂರು ವಸ್ತು. ಗೂಟಗಳ ಮೇಲೆ ಉಬ್ಬರದ ಒದ್ದೆ ಗುರುತು, ಚಿಪ್ಪಿನ ಪಟ್ಟಿ ಹಾಕಬೇಡಿ. ಮಂಗಳೂರಿನ ದಕ್ಕೆಯಲ್ಲಿ ಅದು ಸರಿ. ಬಾಲ್ಟಿಕ್‌ನಲ್ಲಿ ಉಬ್ಬರವಿಳಿತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಜನರನ್ನು ಬೆನ್ನು ತೋರಿಸಿ ನಿಲ್ಲಿಸಿ. ಮುಖ ಕಂಡರೆ ನೋಡುವವರ ಕಣ್ಣು ಮುಖದಲ್ಲೇ ನಿಂತುಬಿಡುತ್ತದೆ. ಬೆನ್ನು ಕಂಡರೆ ಅವರು ನೋಡುವ ಕಡೆಗೆ ನಾವೂ ನೋಡುತ್ತೇವೆ. ಎಡಗಡೆ ಚಾಚಿದ ದಡದ ಮೇಲೆ, ದಿಗಂತದಿಂದ 3 ಇಂಚು ಕೆಳಗೆ ಕಾಲೂರಿದ ಒಬ್ಬ ಸಾಕು. ಕಣ್ಣಿನ ಮಟ್ಟ ದಿಗಂತದಲ್ಲೇ ಇದೆಯಾ ಅಂತ ಮತ್ತೊಮ್ಮೆ ಸ್ಕೇಲಿಟ್ಟು ನೋಡಿ.

ಹಂತ 8: ತೆಳು ಪದರ, ವಾರ್ನಿಶ್

ಎರಡು ವಾರ ಬಿಟ್ಟು ನೋಡಿ. ಕೆಲವು ಕಡೆ ಬಣ್ಣ ಮಂಕಾಗಿ ಒಣಗಿರುತ್ತದೆ, ಅಂಬರ್ ಇದ್ದಲ್ಲಿ ಸಾಮಾನ್ಯ. ಅಲ್ಲಿ ಅಗಸೆ ಎಣ್ಣೆಯ ಒಂದೇ ಹನಿ ತಿಕ್ಕಿ ಒರೆಸಿದರೆ ಬಣ್ಣ ಮರಳುತ್ತದೆ. ದೋಣಿಗಳು ಕತ್ತರಿಸಿ ಇಟ್ಟಂತೆ ಕಂಡರೆ, ದಿಗಂತದ ಮೇಲೂ ಕೆಳಗೂ ಒಂದಿಂಚು ಅಗಲಕ್ಕೆ ನೇಪಲ್ಸ್ ಯೆಲ್ಲೋ, ಬಿಳಿಯನ್ನು ಎಣ್ಣೆಯಲ್ಲಿ ಕರಗಿಸಿ ಹೊಗೆಯಷ್ಟು ತೆಳುವಾಗಿ ಹಚ್ಚಿ, ಅಂಗೈಯಲ್ಲಿ ತಟ್ಟಿ ತೆಗೆಯಿರಿ. ದೂರದ ದೋಣಿಗಳು ಹಿಂದೆ ಸರಿಯುತ್ತವೆ. ಹತ್ತಿರದ ದೋಣಿಯ ಮೇಲೆ ಬಿದ್ದದ್ದನ್ನು ಬಟ್ಟೆಯಲ್ಲಿ ಒರೆಸಿಬಿಡಿ.

ಸಹಿ ಹಾಕುವುದು ನಿಮ್ಮಿಷ್ಟ. ಫ್ರೀಡ್ರಿಕ್ ತಮ್ಮ ಎಣ್ಣೆಬಣ್ಣದ ಚಿತ್ರಗಳಿಗೆ ಸಹಿ ಹಾಕಿದ್ದು ತೀರಾ ಅಪರೂಪ. ಹಾಕುವುದಾದರೆ ದಡದ ಕಂದಿನಲ್ಲಿ, ಕಂದು ಬಣ್ಣದಲ್ಲೇ ಹಾಕಿ, ನೀರಿನ ಮೇಲೆ ಬೇಡ.

ವಾರ್ನಿಶ್‌ಗೆ ಕನಿಷ್ಠ ಆರು ತಿಂಗಳು ಕಾಯಿರಿ. ಮಳೆಗಾಲದಲ್ಲಿ ಮುಗಿಸಿದ ಚಿತ್ರವಾದರೆ ಬೇಸಿಗೆಗೆ ಇಟ್ಟುಕೊಳ್ಳಿ, ಒಣ ಹವೆಯ ದಿನ ನೋಡಿ ಹಚ್ಚಿ. ತೇವವಿದ್ದ ದಿನ ಹಚ್ಚಿದರೆ ವಾರ್ನಿಶ್ ಬೆಳ್ಳಗೆ ಮಂಜು ಕಟ್ಟುತ್ತದೆ. ಅಲ್ಲಿಯವರೆಗೆ ಕ್ಯಾನ್ವಾಸನ್ನು ಕಪಾಟಿನ ಕತ್ತಲೆಯಲ್ಲಿ ಇಡಬೇಡಿ, ಕತ್ತಲೆಯಲ್ಲಿ ಅಗಸೆ ಎಣ್ಣೆ ಹಳದಿಗೆ ತಿರುಗುತ್ತದೆ. ಬಿಸಿಲು ನೇರ ಬೀಳದ, ಬೆಳಕಿರುವ ಗೋಡೆಗೆ ತೂಗುಹಾಕಿ.